ಒಂದು ಡಿಗ್ರಿಯ ನಿಖರ ಬೆಲೆ

ಮುಂಬಯಿಯ ರಾತ್ರಿಶಾಲೆಗಳಲ್ಲಿ ಕಲಿತು ಮೇಲೆ ಬಂದ ನಮ್ಮವರ ಸಂಖ್ಯೆ ಸಣ್ಣದಲ್ಲ. ಬೆಳಗಿನ ನಾಲ್ಕು ಗಂಟೆಗೆ ಎದ್ದು ಹೋಟೆಲಿನ ಕೆಲಸಕ್ಕೆ ತೊಡಗಿ, ಸಂಜೆ ಕಪ್ಪುಬಸಿಗಳ ಬುಟ್ಟಿಯನ್ನು ಇನ್ನೊಬ್ಬನಿಗೆ ಒಪ್ಪಿಸಿ, ಒಗೆದ ಅಂಗಿ ತೊಟ್ಟು, ಏಳು ಗಂಟೆಯ ಪಾಠಕ್ಕೆ ಓಡುತ್ತಿದ್ದ ಹುಡುಗರಲ್ಲಿ ಈ ಲೇಖಕನೂ ಒಬ್ಬನಾಗಿದ್ದನು. ಅದು 1960ರ ದಶಕದ ಮಾತು. ಆಗ ಎಸ್.ಎಸ್.ಸಿ. ಪರೀಕ್ಷೆಗೆ ಕೂಡುವವನ ಆಸ್ತಿಯೆಂದರೆ ಒಂದು ಕಂಪಾಸು ಪೆಟ್ಟಿಗೆ ಮತ್ತು ರಟ್ಟು ಹರಿದ ಒಂದು ಲಾಗ್ ಪುಸ್ತಕ.

ಒಂದು ಸಂಜೆ ಗಣಿತದ ಉತ್ತರ ಪತ್ರಿಕೆಗಳನ್ನು ಮರಳಿಸಿದರು. ‘ಸೈನ್ 60 ಡಿಗ್ರಿಯ ಬೆಲೆಯೇನು?’ ಎಂಬ ಪ್ರಶ್ನೆಗೆ ನಾನು ಲಾಗ್ ಪುಸ್ತಕವನ್ನು ನೋಡಿ 0.8660 ಎಂದು ಬರೆದಿದ್ದೆ. ಅದರ ಮೇಲೆ ಕೆಂಪು ಗೀರು ಬಿದ್ದಿತ್ತು. “ಇದು ಸುಮಾರು ಬೆಲೆ. ನಿಖರ ಬೆಲೆ √3 ÷ 2” ಎಂದರು ಅಧ್ಯಾಪಕರು. ಎರಡು ಅಂಕ ಹೋದ ಸಂಕಟದಲ್ಲಿ ನಾನು ಎದ್ದು ನಿಂತು, “ಹಾಗಾದರೆ ಸಾರ್, ಸೈನ್ 1 ಡಿಗ್ರಿಯ ನಿಖರ ಬೆಲೆ ಎಷ್ಟು? ಪುಸ್ತಕದಲ್ಲಿ 0.0175 ಎಂದಷ್ಟೇ ಇದೆ” ಎಂದು ಕೇಳಿದೆ. ತರಗತಿ ನಕ್ಕಿತು. “ಅದು ಪಾಠದಲ್ಲಿಲ್ಲ, ಕುಳಿತುಕೋ” ಎಂಬ ಉತ್ತರ ಬಂದಿತು.

ಪಾಠದಲ್ಲಿ ಇಲ್ಲದ ಪ್ರಶ್ನೆ ಮನಸ್ಸಿನಿಂದ ಹೋಗಲಿಲ್ಲ. ನಮ್ಮ ಹೋಟೆಲಿಗೆ ಪ್ರತಿದಿನ ಬೆಳಗ್ಗೆ ಕಾಫಿಗೆ ಬರುತ್ತಿದ್ದ ಗುಮಾಸ್ತರೊಬ್ಬರಿದ್ದರು. ಲೆಕ್ಕಪತ್ರದ ಕೆಲಸದವರು, ನಾವೆಲ್ಲ ಅವರನ್ನು ರಾಯರೆಂದೇ ಕರೆಯುತ್ತಿದ್ದೆವು. ಮರುದಿನ ಲೋಟವನ್ನು ಅವರ ಮುಂದಿಟ್ಟು ನನ್ನ ಸಂಶಯವನ್ನು ಹೇಳಿದೆ. ರಾಯರು ನನ್ನನ್ನೇ ತಿರುಗಿ ಕೇಳಿದರು: “ಒಂದು ರೂಪಾಯಿ ಟಿಪ್ಸನ್ನು ಮೂವರು ಹಂಚಿಕೊಂಡರೆ ತಲಾ ಎಷ್ಟು ಬಂತು, ಮಾಣೀ?”

“ಮೂವತ್ತಮೂರು ಪೈಸೆ, ರಾಯರೇ. ಒಂದು ಪೈಸೆ ಉಳಿಯುತ್ತದೆ.”

“1957ಕ್ಕೆ ಮೊದಲು ಈ ಹೊಸ ಪೈಸೆ ಇರಲಿಲ್ಲ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಆಗ ತಲಾ 5 ಆಣೆ 4 ಪೈ. ಒಂದು ಪೈ ಕೂಡ ಉಳಿಯುತ್ತಿರಲಿಲ್ಲ. ರೂಪಾಯಿ ಅದೇ, ಹಂಚಿಕೊಳ್ಳುವವರೂ ಮೂವರೇ. ಬದಲಾದದ್ದು ಚಿಲ್ಲರೆ. ನಿಖರ ಬೆಲೆ ಬೇಕೆಂದು ಕೇಳುವವನು, ಯಾವ ಚಿಲ್ಲರೆಯಲ್ಲಿ ಬೇಕೆಂಬುದನ್ನು ಮೊದಲು ಹೇಳಬೇಕು.”

ಇಷ್ಟು ಹೇಳಿ ಅವರು ಕಚೇರಿಗೆ ಹೊರಟುಹೋದರು. ಅವರ ಮಾತಿನ ಪೂರ್ಣಾರ್ಥ ನನಗೆ ತಿಳಿಯಲು ಬಹಳ ವರ್ಷಗಳು ಬೇಕಾದವು. ತಿಳಿದುದನ್ನು ನಮ್ಮ ಓದುಗರ ಮುಂದಿಡಬೇಕೆಂಬುದೇ ಈ ಲೇಖನದ ಉದ್ದೇಶ.

ಜ್ಯಾ ಜೇಬಾದ ಕತೆ

ಸೈನ್ ಎಂಬುದು ಪರದೇಶದ ಮಾತೆಂದು ತಿಳಿದವರೇ ಹೆಚ್ಚು. ಅದರ ಬೇರು ನಮ್ಮಲ್ಲಿಯೇ ಇದೆ. ವೃತ್ತದ ಒಂದು ತುಂಡನ್ನು ಬಿಲ್ಲೆಂದು ಭಾವಿಸಿದರೆ, ಅದರ ಎರಡು ತುದಿಗಳನ್ನು ಕೂಡಿಸುವ ಗೆರೆ ಬಿಲ್ಲಿನ ಹೆದೆ. ಸಂಸ್ಕೃತದಲ್ಲಿ ಹೆದೆಗೆ ‘ಜ್ಯಾ’ ಅಥವಾ ‘ಜೀವಾ’ ಎಂದು ಹೆಸರು. ಗ್ರೀಕರು ಇಡೀ ಹೆದೆಯನ್ನು ಲೆಕ್ಕಕ್ಕೆ ಹಿಡಿದರು. ನಮ್ಮ ಜ್ಯೋತಿರ್ಗಣಿತಜ್ಞರು ಅರ್ಧ ಹೆದೆಯನ್ನು ಹಿಡಿದರು. ಲೆಕ್ಕ ಅದರಿಂದ ಬಹು ಸುಲಭವಾಯಿತು. ಅರ್ಧಜ್ಯಾ ಎಂಬುದೇ ಕ್ರಮೇಣ ಬರಿಯ ಜ್ಯಾ ಆಯಿತು.

ಈ ಗಣಿತ ಅರಬರ ಕೈಸೇರಿದಾಗ ಅವರು ‘ಜೀವಾ’ ಎಂಬುದನ್ನು ತಮ್ಮ ಲಿಪಿಯಲ್ಲಿ ಸ್ವರವಿಲ್ಲದೆ ಬರೆದುಕೊಂಡರು. ಮುಂದೆ ಓದಿದವರು ಅದನ್ನು ‘ಜೈಬ್’ ಎಂದು ತಿಳಿದರು. ಜೈಬ್ ಎಂದರೆ ಅಂಗಿಯ ಎದೆಯ ಮಡಿಕೆ. 12ನೆಯ ಶತಮಾನದಲ್ಲಿ ಲ್ಯಾಟಿನ್ ಭಾಷೆಗೆ ತಂದವರು ಅದೇ ಅರ್ಥದ ‘ಸೈನಸ್’ ಎಂಬ ಮಾತನ್ನು ಹಾಕಿದರು. ಹೀಗೆ ನಮ್ಮ ಬಿಲ್ಲಿನ ಹೆದೆ ಸೈನ್ ಆಗಿ ಶಾಲೆಯ ಪುಸ್ತಕಕ್ಕೆ ಮರಳಿ ಬಂದಿತು. ನಾವು ಚಿಲ್ಲರೆ ಹಾಕಿಕೊಳ್ಳುವ ‘ಜೇಬು’ ಎಂಬ ಮಾತು ಸಹ ಆ ಅರಬ್ಬೀ ಜೈಬಿನಿಂದಲೇ ಬಂದುದು.

ಲಂಬಕೋನ ತ್ರಿಕೋನವೊಂದರಲ್ಲಿ ಕರ್ಣದ ಉದ್ದ 1 ಇದ್ದರೆ, ಒಂದು ಕೋನಕ್ಕೆ ಎದುರಾಗಿ ನಿಂತ ಬಾಹುವಿನ ಉದ್ದವೇ ಆ ಕೋನದ ಸೈನ್. ಪಕ್ಕದ ಬಾಹುವಿನ ಉದ್ದ ಕೊಸೈನ್, ನಮ್ಮ ಹಳೆಯ ಮಾತಿನಲ್ಲಿ ಕೋಟಿಜ್ಯಾ. ಇವೆರಡು ತಿಳಿದರೆ ಟ್ಯಾಂಜೆಂಟ್ ಮೊದಲಾದ ಉಳಿದವು ಭಾಗಾಕಾರದಿಂದ ದೊರೆಯುತ್ತವೆ. ಆದುದರಿಂದ ಸೈನ್ ಒಂದನ್ನೇ ಹಿಡಿದು ಹೋಗೋಣ.

ಬಾಯಿಪಾಠ ಬೇಡದ ಬೆಲೆಗಳು

30, 45, 60 ಡಿಗ್ರಿಗಳ ಬೆಲೆಗಳನ್ನು ನಮ್ಮ ಹುಡುಗರು ಮಗ್ಗಿಯಂತೆ ಬಾಯಿಪಾಠ ಮಾಡುತ್ತಾರೆ. ಪರೀಕ್ಷೆಯ ಹೆದರಿಕೆಯಲ್ಲಿ ಮರೆಯುತ್ತಾರೆ. ಎರಡು ಚಿತ್ರಗಳನ್ನು ಬರೆಯಬಲ್ಲವನಿಗೆ ಬಾಯಿಪಾಠದ ಅಗತ್ಯವೇ ಇಲ್ಲ.

ಮೂರು ಬಾಹುಗಳೂ 1 ಇರುವ ತ್ರಿಕೋನವನ್ನು ಬರೆಯಿರಿ. ಅದರ ಪ್ರತಿಯೊಂದು ಕೋನವೂ 60 ಡಿಗ್ರಿ. ಮೇಲಿನ ತುದಿಯಿಂದ ತಳಕ್ಕೆ ಒಂದು ಲಂಬವನ್ನು ಇಳಿಸಿದರೆ ತಳ ಸರಿಯಾಗಿ ಎರಡು ಪಾಲಾಗುತ್ತದೆ, ಮೇಲಿನ ಕೋನ 30 ಡಿಗ್ರಿಯಾಗುತ್ತದೆ. 30 ಡಿಗ್ರಿಗೆ ಎದುರಾದ ಬಾಹು ½. ಇದೇ ಸೈನ್ 30. ಲಂಬದ ಉದ್ದ ಕರ್ಣದ ನಿಯಮದಂತೆ √3 ÷ 2. ಇದೇ ಸೈನ್ 60. ಚೌಕವೊಂದನ್ನು ಮೂಲೆಯಿಂದ ಮೂಲೆಗೆ ಸೀಳಿದರೆ 45 ಡಿಗ್ರಿ ಸಿಗುತ್ತದೆ. ಅದರ ಸೈನ್ √2 ÷ 2.

ಇಲ್ಲಿಯೇ ರಾಯರ ಚಿಲ್ಲರೆಯ ಮಾತು ಬರುತ್ತದೆ. √3 ಎಂಬುದನ್ನು ದಶಮಾಂಶದಲ್ಲಿ ಬರೆಯಹೊರಟರೆ 1.7320508... ಎಂದು ಕೊನೆಯಿಲ್ಲದೆ ಹೋಗುತ್ತದೆ. ದಶಮಾಂಶದ ಪೈಸೆಯಲ್ಲಿ ಈ ಋಣ ಎಂದಿಗೂ ಪೂರ್ತಿ ತೀರದು. ವರ್ಗಮೂಲವೆಂಬ ನಾಣ್ಯವನ್ನು ಜೇಬಿಗೆ ಹಾಕಿಕೊಂಡ ಕ್ಷಣ ಅದು ಚೊಕ್ಕವಾಗಿ ಸಂದಾಯವಾಗುತ್ತದೆ. ನನ್ನ ಎರಡು ಅಂಕ ಹೋದುದು ಈ ಕಾರಣಕ್ಕೇ. ಅಧ್ಯಾಪಕರ ಕೆಂಪು ಗೀರು ನ್ಯಾಯವಾದುದೇ ಆಗಿತ್ತು.

ಭಾಸ್ಕರಾಚಾರ್ಯನ ಹದಿನೆಂಟು ಡಿಗ್ರಿ

ಇನ್ನು 18 ಡಿಗ್ರಿ. ಶಾಲೆಯ ಪುಸ್ತಕ ಇದನ್ನು ಹೆಚ್ಚಾಗಿ ಹೇಳುವುದಿಲ್ಲ, ಭಾಸ್ಕರಾಚಾರ್ಯನು ಹೇಳಿದ್ದಾನೆ. 1114ರಲ್ಲಿ ಹುಟ್ಟಿದ ಈ ಮಹಾಗಣಿತಜ್ಞ 1150ರಲ್ಲಿ ‘ಸಿದ್ಧಾಂತ ಶಿರೋಮಣಿ’ಯನ್ನು ರಚಿಸಿದನು. ಸಹ್ಯಾದ್ರಿಯ ಬಳಿಯ ವಿಜ್ಜಡವಿಡ ತನ್ನ ಊರೆಂದು ಅವನು ಹೇಳಿಕೊಂಡಿದ್ದಾನೆ. ಅದು ನಮ್ಮ ವಿಜಾಪುರವೇ ಎಂದು ಕೆಲವರೂ, ಖಾನದೇಶದ ಕಡೆಯದೆಂದು ಕೆಲವರೂ ವಾದಿಸುತ್ತಾರೆ, ವಿದ್ವಾಂಸರಲ್ಲಿ ಒಮ್ಮತವಿಲ್ಲ. ಮುಂಬಯಿಯಿಂದ ಭುಸಾವಳದ ರೈಲಿನಲ್ಲಿ ಹೋಗುವವರು ದಾಟುವ ಚಾಳಿಸಗಾಂವ್ ನಿಲ್ದಾಣದ ಸಮೀಪ ಪಾಟಣ ಎಂಬ ಸ್ಥಳವಿದೆ. ಭಾಸ್ಕರನ ಗ್ರಂಥಗಳ ಅಧ್ಯಯನಕ್ಕಾಗಿ ಅವನ ಮೊಮ್ಮಗ ಚಂಗದೇವನು ಮಠವನ್ನು ಸ್ಥಾಪಿಸಿದ ವಿಷಯವನ್ನು ತಿಳಿಸುವ ಶಾಸನ ಅಲ್ಲಿ ದೊರೆತಿದೆ.

18 ಡಿಗ್ರಿಯನ್ನು ಸಾಧಿಸುವ ಬಗೆ ಹೀಗಿದೆ. ಮೇಲಿನ ಕೋನ 36, ತಳದ ಎರಡು ಕೋನಗಳು 72, 72 ಇರುವ ತ್ರಿಕೋನವನ್ನು ತೆಗೆದುಕೊಳ್ಳಿ. ಅದರ ಎರಡು ಉದ್ದ ಬಾಹುಗಳು 1 ಇರಲಿ. ತಳದ ಉದ್ದ ನಮಗೆ ತಿಳಿಯದು. ತಳದ ಎಡ ಕೋನವನ್ನು ಸರಿಯಾಗಿ ಎರಡು ಪಾಲು ಮಾಡುವ ಗೆರೆಯನ್ನು ಎದುರಿನ ಬಾಹುವಿಗೆ ಎಳೆಯಿರಿ. 72ರ ಅರ್ಧ 36. ಆದುದರಿಂದ ಕೆಳಗೆ ಉಂಟಾದ ಚಿಕ್ಕ ತ್ರಿಕೋನದಲ್ಲಿಯೂ ಕೋನಗಳು 36, 72, 72. ತಾಯಿಯ ಅಚ್ಚಿನಲ್ಲೇ ಇಳಿದ ಮಗಳಂತೆ ಅದು ದೊಡ್ಡದರ ಪಡಿಯಚ್ಚು. ಮೇಲೆ ಉಳಿದ ತ್ರಿಕೋನದಲ್ಲಿ ಎರಡು ಕೋನಗಳು 36, 36. ಆದುದರಿಂದ ಅದರ ಎರಡು ಬಾಹುಗಳು ಸಮ. ಹೀಗಾಗಿ ತಳ, ಎಳೆದ ಗೆರೆ, ಬಲ ಬಾಹುವಿನ ಮೇಲಿನ ತುಂಡು, ಈ ಮೂರೂ ಒಂದೇ ಉದ್ದ. ಬಲ ಬಾಹುವಿನ ಕೆಳಗಿನ ತುಂಡು 1ರಿಂದ ತಳವನ್ನು ಕಳೆದಷ್ಟು.

ಎರಡು ತ್ರಿಕೋನಗಳ ಪ್ರಮಾಣ ಒಂದೇ ಆದುದರಿಂದ ತಳದ ವರ್ಗ = 1 − ತಳ. ಈ ವರ್ಗ ಸಮೀಕರಣವನ್ನು ಬಿಡಿಸಿದರೆ ತಳ = (√5 − 1) ÷ 2. ಮೇಲಿನ 36 ಡಿಗ್ರಿಯನ್ನು ನಡುವೆ ಸೀಳಿದರೆ 18; ಅದಕ್ಕೆ ಎದುರಾದುದು ತಳದ ಅರ್ಧ.

ಸೈನ್ 18 = (√5 − 1) ÷ 4

ತ್ರಿಜ್ಯದ ವರ್ಗವನ್ನು ಐದರಿಂದ ಗುಣಿಸಿ, ಮೂಲ ತೆಗೆದು, ತ್ರಿಜ್ಯವನ್ನು ಕಳೆದು ನಾಲ್ಕರಿಂದ ಭಾಗಿಸಬೇಕೆಂಬುದು ಭಾಸ್ಕರನ ವಿಧಿಯ ತಾತ್ಪರ್ಯ. ಎಂಟು ಶತಮಾನಗಳಿಗೂ ಹಿಂದಿನ ಮಾತು. ಒಂದು ಅಕ್ಷರವನ್ನೂ ತಿದ್ದಬೇಕಾಗಿಲ್ಲ. 36 ಡಿಗ್ರಿಯ ಬೆಲೆಯನ್ನೂ ಅವನು ಅಷ್ಟೇ ನಿಖರವಾಗಿ ಕೊಟ್ಟಿದ್ದಾನೆ.

ಮೂರು ಡಿಗ್ರಿಯವರೆಗೆ ದಾರಿ ಸುಗಮ

ಕೈಯಲ್ಲಿ ಕೆಲವು ಬೆಲೆಗಳಿದ್ದರೆ ಅವುಗಳನ್ನು ಕೂಡಿಸಿ, ಕಳೆದು, ಅರ್ಧಿಸಿ ಬೇರೆ ಬೆಲೆಗಳನ್ನು ಪಡೆಯಬಹುದು. ಎರಡು ಕೋನಗಳ ವ್ಯತ್ಯಾಸದ ಸೈನ್ ಬೇಕಾದರೆ, ಮೊದಲನೆಯದರ ಸೈನನ್ನು ಎರಡನೆಯದರ ಕೊಸೈನಿನಿಂದ ಗುಣಿಸಿ, ಅದರಿಂದ ಮೊದಲನೆಯದರ ಕೊಸೈನ್ ಮತ್ತು ಎರಡನೆಯದರ ಸೈನ್ ಇವುಗಳ ಗುಣಲಬ್ಧವನ್ನು ಕಳೆಯಬೇಕು. 45ರಿಂದ 30 ಹೋದರೆ 15. ಹೀಗೆ ಲೆಕ್ಕ ಹಾಕಿದರೆ

ಸೈನ್ 15 = (√6 − √2) ÷ 4

ಎಂದಾಗುತ್ತದೆ. 18ರಿಂದ 15 ಹೋದರೆ ಉಳಿಯುವುದು 3. ಆದುದರಿಂದ ಸೈನ್ 3 ಡಿಗ್ರಿಯೂ ಸಿಕ್ಕಿತು:

ಸೈನ್ 3 = [(√5 − 1)(√6 + √2) − √(10 + 2√5) × (√6 − √2)] ÷ 16

ನೋಡಲು ಹಬ್ಬದ ಅಡಿಗೆಯ ಸಾಮಾನಿನ ಪಟ್ಟಿಯಂತೆ ಉದ್ದವಾಗಿದ್ದರೂ ಇದರಲ್ಲಿರುವುದು ವರ್ಗಮೂಲಗಳಲ್ಲದೆ ಬೇರೇನೂ ಇಲ್ಲ. ಬೆಲೆ 0.0523359562. 3 ಸಿಕ್ಕಿದ ಮೇಲೆ 6, 9, 12 ಎಂದು ಮೂರರ ಮಗ್ಗಿಯ ಎಲ್ಲ ಡಿಗ್ರಿಗಳೂ ಸಿಕ್ಕಿದಂತೆಯೇ. ಇನ್ನು ಮೂರನ್ನು ಮೂರು ಪಾಲು ಮಾಡಿದರೆ ಮುಗಿಯಿತು, ಒಂದು ಡಿಗ್ರಿ ಕೈಗೆ ಬಂತು ಎಂದು ಯಾರಿಗಾದರೂ ಅನಿಸೀತು. ಹೋಟೆಲಿನ ಮಾಣಿಯಾಗಿದ್ದ ನನಗೂ ಹಾಗೆಯೇ ಅನಿಸಿತ್ತು. ಕಾಫಿಯ ಲೋಟ ಅಮೃತಶಿಲೆಯ ಮೇಜಿನ ಮೇಲೆ ಬಿಟ್ಟುಹೋಗುವ ನೀರಿನ ಉಂಗುರದೊಳಗೆ ಬೆರಳಿನಿಂದ ಗೆರೆ ಎಳೆದು, ಒರೆಸಿ, ಮತ್ತೆ ಎಳೆದು, ಗಲ್ಲೆಯಲ್ಲಿ ಕುಳಿತ ಧಣಿಗಳಿಂದ ಬೈಗಳನ್ನೂ ತಿಂದಿದ್ದೇನೆ. ಪ್ರಯೋಜನವಾಗಲಿಲ್ಲ. ಆಗಲು ಸಾಧ್ಯವೂ ಇರಲಿಲ್ಲ.

ಬಾಗಿಲು ಮುಚ್ಚಿರುವುದೇಕೆ?

ಒಂದು ಕೋನದ ಸೈನಿಗೂ ಅದರ ಮೂರರಷ್ಟರ ಸೈನಿಗೂ ಇರುವ ಸಂಬಂಧ ಇದು: ಮೂರರಷ್ಟರ ಸೈನ್ = 3 × ಸೈನ್ − 4 × ಸೈನಿನ ಘನ. ಒಂದು ಡಿಗ್ರಿಯ ಸೈನನ್ನು ಹುಡುಕುವುದೆಂದರೆ, ಮೂರರಷ್ಟರಿಂದ ಅದರ ಘನದ ನಾಲ್ಕರಷ್ಟನ್ನು ಕಳೆದಾಗ ಸೈನ್ 3 ಡಿಗ್ರಿ ಬರುವಂಥ ಸಂಖ್ಯೆಯನ್ನು ಹುಡುಕುವುದು. ಇದು ಘನ ಸಮೀಕರಣ. ವರ್ಗ ಸಮೀಕರಣಕ್ಕೆ ವರ್ಗಮೂಲ ಸಾಕು. ಘನಕ್ಕೆ ಅದು ಸಾಲದು.

ಅಳತೆಗೆರೆಗಳಿಲ್ಲದ ಪಟ್ಟಿ ಮತ್ತು ಕೈವಾರ, ಇವೆರಡರಿಂದಲೇ ಕೋನವನ್ನು ಮೂರು ಪಾಲು ಮಾಡಬೇಕೆಂದು ಗ್ರೀಕರ ಕಾಲದಿಂದ ಎರಡು ಸಾವಿರ ವರ್ಷ ಜನರು ಹೆಣಗಿದರು. 1837ರಲ್ಲಿ ಫ್ರಾನ್ಸಿನ ಪಿಯರ್ ವಾಂಟ್ಸೆಲ್ ಎಂಬವನು, ಎಲ್ಲ ಕೋನಗಳಿಗೂ ಸಲ್ಲುವ ಅಂಥ ವಿಧಾನ ಇರಲಾರದೆಂದು ಸಾಧಿಸಿ ತೋರಿಸಿದನು. ಪಟ್ಟಿ ಮತ್ತು ಕೈವಾರ ವರ್ಗಮೂಲದ ನಾಣ್ಯವನ್ನಷ್ಟೇ ಟಂಕಿಸಬಲ್ಲವು. 60 ಡಿಗ್ರಿಯಿಂದ 20, 3 ಡಿಗ್ರಿಯಿಂದ 1, ಇವು ಆ ನಾಣ್ಯದಲ್ಲಿ ಸಿಗುವ ವಸ್ತುಗಳಲ್ಲ. ಮೂರರಿಂದ ಭಾಗವಾಗುವ ಪೂರ್ಣ ಡಿಗ್ರಿಗಳಿಗೆ ಬರಿಯ ವರ್ಗಮೂಲಗಳಿಂದ ಬೆಲೆಯುಂಟು; ಉಳಿದ ಪೂರ್ಣ ಡಿಗ್ರಿಗಳಿಗೆ ಇಲ್ಲ.

ಹಾಗಾದರೆ ಘನಮೂಲವನ್ನೂ ಜೇಬಿಗೆ ಹಾಕಿಕೊಳ್ಳೋಣ ಎನ್ನಬಹುದು. ಘನ ಸಮೀಕರಣವನ್ನು ಮೂಲಗಳಿಂದ ಬಿಡಿಸುವ ಸೂತ್ರ 1545ರಲ್ಲಿ ಇಟಲಿಯ ಕಾರ್ಡಾನೋ ಅಚ್ಚು ಮಾಡಿಸಿದ ಗ್ರಂಥದಲ್ಲಿ ಬಂದಿತು. ನಮ್ಮ ಸಮೀಕರಣಕ್ಕೆ ಅದನ್ನು ಹಚ್ಚಿದರೆ ಒಂದು ವಿಚಿತ್ರ ನಡೆಯುತ್ತದೆ. ಈ ಸಮೀಕರಣಕ್ಕೆ ಮೂರು ಉತ್ತರಗಳು: ಸೈನ್ 1, ಸೈನ್ 59, ಮತ್ತು ಋಣ ಚಿಹ್ನೆಯ ಸೈನ್ 61. ಮೂರೂ ನಾವು ಅಳೆಯಬಲ್ಲ ನೈಜ ಸಂಖ್ಯೆಗಳು. ಆದರೆ ಸೂತ್ರದೊಳಗೆ ಋಣ ಸಂಖ್ಯೆಯ ವರ್ಗಮೂಲ ಬಂದು ಕುಳಿತುಕೊಳ್ಳುತ್ತದೆ.

ಇಲ್ಲಿ ಕನ್ನಡ ನಾಡಿನ ಒಬ್ಬ ಗಣಿತಜ್ಞನನ್ನು ನೆನೆಯಬೇಕು. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ. ಶ. 850ರ ಸುಮಾರಿಗೆ, ‘ಗಣಿತಸಾರಸಂಗ್ರಹ’ವನ್ನು ಬರೆದ ಮಹಾವೀರಾಚಾರ್ಯನು ಈ ಪ್ರಶ್ನೆಯನ್ನು ಆಗಲೇ ಎದುರಿಸಿದ್ದನು. ಧನವನ್ನು ಧನದಿಂದ ಗುಣಿಸಿದರೂ, ಋಣವನ್ನು ಋಣದಿಂದ ಗುಣಿಸಿದರೂ ಬರುವುದು ಧನವೇ. ಆದುದರಿಂದ ಋಣವು ಸ್ವಭಾವತಃ ವರ್ಗವಲ್ಲ, ಅದಕ್ಕೆ ವರ್ಗಮೂಲವಿಲ್ಲ ಎಂಬುದು ಅವನ ತೀರ್ಮಾನ. ಅಂದಿನ ನಾಣ್ಯಗಳಲ್ಲಿ ಆ ತೀರ್ಮಾನ ಸರಿಯೇ. ಏಳು ಶತಮಾನಗಳ ತರುವಾಯ, 1572ರಲ್ಲಿ, ಇಟಲಿಯ ಬೊಂಬೆಲ್ಲಿ ಎಂಬವನು, ಇಲ್ಲದ ಮೂಲವನ್ನು ಇದೆಯೆಂದೇ ಭಾವಿಸಿ ಲೆಕ್ಕ ನಡೆಸಿದರೆ ಕೊನೆಗೆ ಅವು ಒಂದನ್ನೊಂದು ಹೊಡೆದುಹಾಕಿ ನಿಜವಾದ ಉತ್ತರ ಉಳಿಯುವುದನ್ನು ತೋರಿಸಿದನು. ಇಂದು ಅವುಗಳಿಗೆ ಕಾಲ್ಪನಿಕ ಸಂಖ್ಯೆಗಳೆಂದು ಹೆಸರು; ವಿದ್ಯುತ್ತಿನ ಶಾಸ್ತ್ರ ಅವುಗಳಿಲ್ಲದೆ ನಡೆಯದು.

ಈ ಕಾಲ್ಪನಿಕ ನಾಣ್ಯವನ್ನು ಒಪ್ಪಿದರೆ ಸೈನ್ 1 ಡಿಗ್ರಿಗೆ ಮೂಲಚಿಹ್ನೆಗಳ ನಿಖರ ಸೂತ್ರವುಂಟು. ಒಂದೇ ಡಿಗ್ರಿಗೇಕೆ, ವೃತ್ತವನ್ನು ಎಷ್ಟೇ ಸಮಪಾಲು ಮಾಡಿದರೂ ಆ ಪಾಲಿನ ಸೈನನ್ನು ಹೀಗೆ ಬರೆಯಬಹುದು. ಒಪ್ಪದಿದ್ದರೆ ಇಲ್ಲ. ನೈಜ ಸಂಖ್ಯೆಗಳ ವರ್ಗಮೂಲ, ಘನಮೂಲ, ಐದನೆಯ ಮೂಲ, ಯಾವುದನ್ನು ಎಷ್ಟು ಸೇರಿಸಿದರೂ ಸೈನ್ 1 ಡಿಗ್ರಿಯನ್ನು ಬರೆಯಲಾಗದೆಂಬುದು 19ನೆಯ ಶತಮಾನದ ಗಣಿತದಿಂದ ಸಿದ್ಧವಾದ ಸಂಗತಿ. ಪೂರ್ಣಾಂಕಗಳನ್ನಷ್ಟೇ ಬಳಸಿ ಅದಕ್ಕೊಂದು ಸಮೀಕರಣವನ್ನು ಕಟ್ಟಬೇಕಾದರೆ ಅದು 48ನೆಯ ಘಾತದ್ದಾಗುತ್ತದೆ; ಅದಕ್ಕಿಂತ ಚಿಕ್ಕದು ಸಾಲದು.

ಇನ್ನೂ ಒಂದು ಮಾತು. ಕಾಲ್ಪನಿಕ ಸಂಖ್ಯೆಯ ಘನಮೂಲವನ್ನು ನಿಜವಾಗಿ ಲೆಕ್ಕ ಹಾಕಹೊರಟರೆ, ಒಂದು ಕೋನವನ್ನು ಮೂರು ಪಾಲು ಮಾಡಿ ಅದರ ಸೈನನ್ನು ಪುಸ್ತಕದಲ್ಲಿ ನೋಡಬೇಕಾಗುತ್ತದೆ! ಗಾಣದ ಎತ್ತು ದಿನವಿಡೀ ನಡೆದು ಹೊರಟಲ್ಲಿಗೇ ಬಂದು ನಿಂತಂತೆ, ಸೂತ್ರ ನಮ್ಮನ್ನು ಮೊದಲಿನ ಪ್ರಶ್ನೆಗೇ ತಂದು ನಿಲ್ಲಿಸುತ್ತದೆ. ಸೂತ್ರವುಂಟು, ಅದರಿಂದ ಗಲ್ಲೆ ತುಂಬುವುದಿಲ್ಲ.

ಕೆಲಸಕ್ಕೆ ಸಾಕಾಗುವ ಬೆಲೆ

ನಿಖರತೆಗೆ ಇಷ್ಟು ಅಡ್ಡಿಗಳಿದ್ದರೆ ಲಾಗ್ ಪುಸ್ತಕದ ಅಂಕೆಗಳು ಬಂದುದು ಎಲ್ಲಿಂದ? ಈ ಕತೆಯಲ್ಲಿ ನಮ್ಮ ದೇಶದ ಪಾಲು ದೊಡ್ಡದು.

ಆರ್ಯಭಟನು 499ರಲ್ಲಿ ರಚಿಸಿದ ‘ಆರ್ಯಭಟೀಯ’ದಲ್ಲಿ ಜ್ಯಾ ಕೋಷ್ಟಕವಿದೆ. ವೃತ್ತದ ಪರಿಧಿಯನ್ನು 21600 ಕಲೆಗಳೆಂದು ಹಿಡಿದರೆ ತ್ರಿಜ್ಯ ಸುಮಾರು 3438 ಕಲೆಯಾಗುತ್ತದೆ. ಕಾಲು ವೃತ್ತವನ್ನು 24 ಮೆಟ್ಟಿಲು ಮಾಡಿ, ಒಂದೊಂದು ಮೆಟ್ಟಿಲಿಗೆ ಜ್ಯಾ ಎಷ್ಟೆಷ್ಟು ಏರುತ್ತದೆಂಬುದನ್ನು ಅವನು ಕೊಟ್ಟನು: 225, 224, 222, 219, 215, 210, 205, 199... ಒಂದು ಮೆಟ್ಟಿಲು ಮೂರೂಮುಕ್ಕಾಲು ಡಿಗ್ರಿ. ಎಂಟು ಮೆಟ್ಟಿಲಿಗೆ 30 ಡಿಗ್ರಿ. ಈ ಎಂಟು ಅಂಕೆಗಳನ್ನು ಕೂಡಿಸಿ ನೋಡಿ. ಮೊತ್ತ 1719, 3438ರ ಸರಿಯಾದ ಅರ್ಧ! ಸೈನ್ 30 ಅರ್ಧವೆಂಬ ನಿಖರ ಸತ್ಯಕ್ಕೆ ಕೋಷ್ಟಕದ ಲೆಕ್ಕ ಪೈಸೆಗೆ ಪೈಸೆ ತಾಳೆಯಾಯಿತು. ಖಾತೆ ಬರೆಯುವ ಗುಮಾಸ್ತರಿಗೆ ಇದರ ಸಂತೋಷವನ್ನು ಬಿಡಿಸಿ ಹೇಳಬೇಕಾಗಿಲ್ಲ.

7ನೆಯ ಶತಮಾನದಲ್ಲಿ ಇನ್ನೊಬ್ಬ ಭಾಸ್ಕರನಿದ್ದನು. ಅವನು ಕೋಷ್ಟಕವೂ ಇಲ್ಲದೆ, ಮೂಲವನ್ನೂ ತೆಗೆಯದೆ ಸೈನ್ ಕಂಡುಹಿಡಿಯುವ ಉಪಾಯವನ್ನು ಹೇಳಿದನು. ಡಿಗ್ರಿಯನ್ನು 180ರಿಂದ ಕಳೆದು, ಉಳಿದುದನ್ನು ಅದೇ ಡಿಗ್ರಿಯಿಂದ ಗುಣಿಸಿ. ಬಂದುದರ ನಾಲ್ಕರಷ್ಟನ್ನು, 40500ರಿಂದ ಬಂದುದನ್ನು ಕಳೆದು ಉಳಿದ ಸಂಖ್ಯೆಯಿಂದ ಭಾಗಿಸಿ. 30 ಡಿಗ್ರಿಗೆ ಇದು ಸರಿಯಾಗಿ ½ ಕೊಡುತ್ತದೆ. 45ಕ್ಕೆ 0.7059, ನಿಜ ಬೆಲೆ 0.7071. ಅಂಗೈಯಲ್ಲಿ ಬರೆದುಕೊಳ್ಳಬಹುದಾದ ಸೂತ್ರಕ್ಕೆ ಇಷ್ಟು ಸಮೀಪದ ಉತ್ತರ ಬರುವುದು ಸಾಮಾನ್ಯವಲ್ಲ.

1150ರ ಭಾಸ್ಕರಾಚಾರ್ಯನು 1 ಡಿಗ್ರಿಯ ಸೈನಿಗೆ 10 ÷ 573 ಎಂಬ ಭಿನ್ನರಾಶಿಯನ್ನು ಬಳಸಿದನು. ಅದು 0.0174520, ನಿಜ ಬೆಲೆಗಿಂತ ಏಳನೆಯ ದಶಮಾಂಶ ಸ್ಥಾನದಲ್ಲಿ 4ರಷ್ಟು ಮಾತ್ರ ಕಡಿಮೆ. 18 ಡಿಗ್ರಿಗೆ ನಿಖರ ಸೂತ್ರವನ್ನು ಕೊಟ್ಟ ಅದೇ ಕೈ 1 ಡಿಗ್ರಿಗೆ ಸಮೀಪದ ಬೆಲೆಯನ್ನು ಕೊಟ್ಟಿತು. ಎಲ್ಲಿ ನಿಖರತೆ ಸಾಧ್ಯ, ಎಲ್ಲಿ ಸಾಮೀಪ್ಯ ಸಾಕು ಎಂಬ ವಿವೇಕ ಅಲ್ಲಿ ಕಾಣುತ್ತದೆ.

ಸಮರಖಂಡದಲ್ಲಿ ದೊರೆ ಉಲುಗ್ ಬೇಗನ ಆಶ್ರಯದಲ್ಲಿದ್ದ, 1429ರಲ್ಲಿ ತೀರಿಕೊಂಡ ಅಲ್ ಕಾಶೀ ಎಂಬ ಪಂಡಿತನು ಮುಚ್ಚಿದ ಬಾಗಿಲನ್ನು ಗುದ್ದುವ ಬದಲು ಸುತ್ತಿ ಬಂದನು. ಅವನ ದಾರಿಯನ್ನು ನಾವೂ ನಡೆದು ನೋಡಬಹುದು. ಸೈನ್ 3ರ ಮೂರನೆಯ ಒಂದು ಪಾಲು 0.0174453187. ಇದು ನಮ್ಮ ಮೊದಲ ಅಂದಾಜು. ಇದರ ಘನವನ್ನು ಮಾಡಿ, ನಾಲ್ಕರಿಂದ ಗುಣಿಸಿ, ಮೂರರಿಂದ ಭಾಗಿಸಿ, ಆ ಮೊದಲ ಪಾಲಿಗೆ ಕೂಡಿಸಿದರೆ 0.0174523978. ಈ ಹೊಸ ಅಂದಾಜಿನ ಘನದಿಂದ ಅದೇ ಕ್ರಿಯೆಯನ್ನು ಇನ್ನೊಮ್ಮೆ ನಡೆಸಿದರೆ 0.0174524064. ಎರಡೇ ಸುತ್ತಿನಲ್ಲಿ ಹತ್ತು ದಶಮಾಂಶ ಸ್ಥಾನಗಳು ಸರಿಯಾದವು. ಬೇಕಾದಷ್ಟು ಸುತ್ತು ತಿರುಗಿದರೆ ಬೇಕಾದಷ್ಟು ಸ್ಥಾನ.

ಅದೇ ಕಾಲಕ್ಕೆ ಕೇರಳದಲ್ಲಿ ಸಂಗಮಗ್ರಾಮದ ಮಾಧವನು ಎಲ್ಲ ಕೋನಗಳಿಗೂ ಸಲ್ಲುವ ದಾರಿಯನ್ನು ತೆರೆದನು. ಕೋನವನ್ನು ತ್ರಿಜ್ಯದ ಅಳತೆಯಲ್ಲಿ ಹೇಳಿದರೆ 1 ಡಿಗ್ರಿ 0.0174532925 ಆಗುತ್ತದೆ. ಅದರಿಂದ ಅದರ ಘನದ ಆರನೆಯ ಒಂದು ಪಾಲನ್ನು ಕಳೆಯಿರಿ, ಐದನೆಯ ಘಾತದ ನೂರಿಪ್ಪತ್ತನೆಯ ಒಂದು ಪಾಲನ್ನು ಕೂಡಿಸಿರಿ, ಹೀಗೆಯೇ ಮುಂದೆ. ಮೊದಲ ಎರಡು ಪದಗಳಲ್ಲಿಯೇ 0.0174524064 ಬಂದುಬಿಡುತ್ತದೆ. ಯುರೋಪಿನಲ್ಲಿ ಈ ಶ್ರೇಢಿ ನ್ಯೂಟನ್ ಮೊದಲಾದವರ ಕೈಗೆ ಬಂದುದು 17ನೆಯ ಶತಮಾನದ ಉತ್ತರಾರ್ಧದಲ್ಲಿ. ಮಾಧವನ ಪರಂಪರೆಯ ಜ್ಯೇಷ್ಠದೇವನು ಇದರ ಉಪಪತ್ತಿಗಳನ್ನು 16ನೆಯ ಶತಮಾನದಲ್ಲಿ ‘ಯುಕ್ತಿಭಾಷಾ’ ಎಂಬ ಗ್ರಂಥದಲ್ಲಿ ವಿವರಿಸಿದನು. ಸಂಸ್ಕೃತದಲ್ಲಲ್ಲ, ತನ್ನ ಮನೆಮಾತಾದ ಮಲಯಾಳದಲ್ಲಿ. ದೊಡ್ಡ ಗಣಿತವನ್ನು ತಾಯ್ನುಡಿಯಲ್ಲಿ ಹೇಳಲಾಗದೆನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಡ.

ಯಾವ ಕೋನಕ್ಕಾದರೂ ಸಿಕ್ಕೀತೇ?

ಪೂರ್ಣ ಡಿಗ್ರಿಗಳ ಆಚೆಗೂ ಕೋನಗಳಿವೆ. 1796ರಲ್ಲಿ, 19 ವರ್ಷ ತುಂಬಲು ಇನ್ನೂ ಒಂದು ತಿಂಗಳಿದ್ದ ಜರ್ಮನಿಯ ಗೌಸ್ ಎಂಬ ತರುಣನು, ವೃತ್ತವನ್ನು 17 ಸಮಪಾಲು ಮಾಡಲು ವರ್ಗಮೂಲಗಳೇ ಸಾಕೆಂದು ಕಂಡುಕೊಂಡನು. ಒಂಬತ್ತು ಪಾಲಿಗೆ ಸಾಲದ ನಾಣ್ಯ ಹದಿನೇಳು ಪಾಲಿಗೆ ಸಾಕಾಯಿತು! ಯಾವ ಕೋನ ಸುಲಭ, ಯಾವುದು ಕಠಿನ ಎಂಬುದನ್ನು ನಿರ್ಣಯಿಸುವುದು ಅಂಕಿಯ ಗಾತ್ರವಲ್ಲ, ಅದರ ಒಳರಚನೆ.

ಗಾರೆ ಕೆಲಸದವರು ಮೂಲೆಮಟ್ಟ ನೋಡಲು ಬಳಸುವ 3, 4, 5 ಅಳತೆಯ ತ್ರಿಕೋನವನ್ನು ಎಲ್ಲರೂ ಬಲ್ಲರು. ಅದರ ಚಿಕ್ಕ ಕೋನದ ಸೈನ್ ⅗. ಇದಕ್ಕಿಂತ ಶುದ್ಧವಾದ ಬೆಲೆ ಬೇಕೆ? ಆದರೆ ಆ ಕೋನವೆಷ್ಟೆಂದು ಕೇಳಿದರೆ 36.8698... ಎಂದು ಕೊನೆಯಿಲ್ಲದೆ ಹೋಗುತ್ತದೆ. ಡಿಗ್ರಿ ಪೂರ್ಣಾಂಕವೋ ಭಿನ್ನರಾಶಿಯೋ ಆಗಿದ್ದು ಸೈನ್ ಸಹ ಹಾಗೆಯೇ ಇರುವುದು, ಸೈನಿನ ಬೆಲೆ 0, ½, 1 ಅಥವಾ ಇವುಗಳ ಋಣರೂಪ ಆದಾಗ ಮಾತ್ರ. ಈ ಸಿದ್ಧಾಂತಕ್ಕೆ ಇವಾನ್ ನಿವೆನ್ ಎಂಬ ಗಣಿತಜ್ಞನ ಹೆಸರಿದೆ. ಅವನ ಗ್ರಂಥ ಹೊರಬಂದುದು 1956ರಲ್ಲಿ. ಕೋನ ಚೊಕ್ಕವಾದರೆ ಸೈನ್ ಬಿಡಿಚಿಲ್ಲರೆ. ಸೈನ್ ಚೊಕ್ಕವಾದರೆ ಕೋನ ಬಿಡಿಚಿಲ್ಲರೆ. 30 ಮತ್ತು 90 ಡಿಗ್ರಿಗಳಂಥವು ಕೆಲವೇ ಅದೃಷ್ಟಶಾಲಿಗಳು.

ಎದುರಿನ ಪರಿಧಿಯ ತುಂಡಿನ ಉದ್ದ ತ್ರಿಜ್ಯಕ್ಕೆ ಸಮವಾಗುವಂಥ ಕೋನವನ್ನು, ಎಂದರೆ 57.2958 ಡಿಗ್ರಿಯ ಸಮೀಪದ್ದನ್ನು, ತೆಗೆದುಕೊಂಡರೆ ಸ್ಥಿತಿ ಇನ್ನೂ ಕಠಿನ. ಅದರ ಸೈನ್ ಪೂರ್ಣಾಂಕಗಳ ಯಾವ ಸಮೀಕರಣಕ್ಕೂ ಉತ್ತರವಲ್ಲ. 1882ರಲ್ಲಿ ಜರ್ಮನಿಯ ಲಿಂಡೆಮನ್ ತೋರಿಸಿದ ಮಾರ್ಗದಿಂದ ಇದು ತಿಳಿದುಬರುತ್ತದೆ. ಅಲ್ಲಿ ಕಾಲ್ಪನಿಕ ನಾಣ್ಯವನ್ನು ಸೇರಿಸಿದರೂ ಮೂಲಚಿಹ್ನೆಗಳ ಸೂತ್ರ ಸಿಗದು. ಮಾಧವನ ಕೊನೆಯಿಲ್ಲದ ಶ್ರೇಢಿಯೊಂದೇ ಅದರ ನಿಜವಾದ ಹೆಸರು.

ಉಳಿದ ಒಂದು ಪೈಸೆ

ಇಂದು ಹುಡುಗರ ಕೈಯ ಮೊಬೈಲು ಸೈನ್ 1 ಡಿಗ್ರಿಯ ಹತ್ತು ಅಂಕಿಗಳನ್ನು ಕಣ್ಣು ಮಿಟುಕಿಸುವುದರೊಳಗೆ ತೋರಿಸುತ್ತದೆ. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರು. ಅಷ್ಟು ಉದ್ದದ ಮೇಲೆ ಹತ್ತನೆಯ ದಶಮಾಂಶದ ಒಂದು ತಪ್ಪು ಬರಿಯ 4 ಮಿಲಿಮೀಟರು. ಲೋಕದ ಕೆಲಸಕ್ಕೆ ಇದು ಧಾರಾಳವಾಯಿತು. ಹೀಗಿರಲು ನಿಖರ ಬೆಲೆಯ ಗೊಡವೆ ಏಕೆಂದು ಕೇಳುವವರಿದ್ದಾರೆ.

ಮೂವತ್ತಮೂರು ಪೈಸೆಯಂತೆ ಹಂಚಿದ ಮೇಲೆ ಮೇಜಿನ ಮೇಲೆ ಒಂದು ಪೈಸೆ ಉಳಿಯುತ್ತದಲ್ಲ, ಆ ಪೈಸೆಗಾಗಿಯೇ. ಅದನ್ನು ಯಾರೂ ಎತ್ತಿಕೊಳ್ಳಬಹುದು, ಹೊಟ್ಟೆ ತುಂಬುವುದಿಲ್ಲ. ಆದರೆ ಅದು ಏಕೆ ಉಳಿಯಿತೆಂದು ಕೇಳಿದವನು ಲೆಕ್ಕದ ಒಳಗನ್ನು ಕಾಣುತ್ತಾನೆ. ಒಂದು ಡಿಗ್ರಿಯನ್ನು ಹುಡುಕಹೋದವರಿಗೆ ಕಾಲ್ಪನಿಕ ಸಂಖ್ಯೆಗಳು ಸಿಕ್ಕವು. ಇದು ಆಗುವುದಿಲ್ಲ ಎಂಬುದನ್ನು ಸಾಧಿಸಿ ತೋರಿಸಬಹುದೆಂಬ ಅರಿವೂ ಸಿಕ್ಕಿತು. ಪ್ರಯತ್ನ ಸಾಲದೆ ಸೋತವನಿಗೂ, ದಾರಿಯೇ ಇಲ್ಲವೆಂದು ಅರಿತು ನಿಂತವನಿಗೂ ಇರುವ ಅಂತರ ಸಣ್ಣದಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ನೀರಿನ ಉಂಗುರದಲ್ಲಿ ನಾನು ಎಳೆದ ಗೆರೆಗಳು ನನ್ನ ದಡ್ಡತನದಿಂದ ಕೈಕೊಟ್ಟವಲ್ಲ ಎಂದು ತಿಳಿದ ದಿನ, ಎದೆಯ ಮೇಲಿನ ಹಳೆಯ ಭಾರವೊಂದು ಇಳಿದಂತಾಯಿತು.

ಹಗಲು ದುಡಿದು ರಾತ್ರಿ ಓದುವ ನಮ್ಮ ತಮ್ಮಂದಿರಿಗೆ ಒಂದು ಮಾತು. 30, 45, 60 ಡಿಗ್ರಿಗಳ ಪಟ್ಟಿಯನ್ನು ಬಾಯಿಪಾಠ ಮಾಡಬೇಡಿರಿ. ಎರಡು ತ್ರಿಕೋನಗಳನ್ನು ಬರೆದು ನೋಡಿರಿ. ಸಮಯವಿದ್ದ ದಿನ 36, 72, 72ರ ತ್ರಿಕೋನವನ್ನು ಬರೆದು ಭಾಸ್ಕರಾಚಾರ್ಯನ 18 ಡಿಗ್ರಿಯನ್ನು ನಿಮ್ಮ ಕೈಯಿಂದಲೇ ಸಾಧಿಸಿರಿ. ಕಲಿಸುವವರಲ್ಲಿ ಒಂದು ವಿನಂತಿ: ಹುಡುಗನ ಪ್ರಶ್ನೆ ಪಾಠದಲ್ಲಿಲ್ಲದಿದ್ದರೆ ಇಲ್ಲವೆಂದು ಹೇಳಿರಿ, ಆದರೆ ಕುಳಿತುಕೋ ಎನ್ನಬೇಡಿರಿ.

ರಾಯರು ಈಗಿಲ್ಲ. ರಟ್ಟು ಹರಿದ ಲಾಗ್ ಪುಸ್ತಕ ನನ್ನ ಬಳಿ ಇನ್ನೂ ಇದೆ. ಅದರಲ್ಲಿ 1 ಡಿಗ್ರಿಯ 0.0175ರ ಪಕ್ಕದಲ್ಲಿ ಪೆನ್ಸಿಲಿನಿಂದ ಅಂದು ಬರೆದುಕೊಂಡ ಎರಡು ಮಾತುಗಳು ಮಾಸಿದ್ದರೂ ಓದಲು ಬರುತ್ತವೆ: ‘ಯಾವ ಚಿಲ್ಲರೆಯಲ್ಲಿ?’